ಮೊದಲು ಬೆರಳು, ಆಮೇಲೆ ಸೂಜಿ: ರಕ್ತ ತೆಗೆಯುವುದನ್ನು ಕಲಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹತ್ತು ಹನ್ನೆರಡು ವರ್ಷ ಲ್ಯಾಬಿನಲ್ಲಿ ದುಡಿದಿದ್ದೀರಿ. ದಿನಕ್ಕೆ ಐವತ್ತು ಅರವತ್ತು ಜನರ ರಕ್ತ ತೆಗೆದ ಕೈ ನಿಮ್ಮದು. ಕಷ್ಟದ ಕೇಸ್ ಇದ್ದರೆ ವಾರ್ಡಿನಿಂದ ನಿಮಗೇ ಫೋನ್ ಬರುತ್ತದೆ. ಈಗ ಡಿ.ಎಂ.ಎಲ್.ಟಿ. (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಕಾಲೇಜಿನವರು ಕರೆದು, "ಪ್ರಾಕ್ಟಿಕಲ್ ನೀವೇ ನೋಡ್ಕೊಳ್ಳಿ ಮೇಡಂ" ಅಂದಿದ್ದಾರೆ. ಹೊಸ ಬಿಳಿ ಕೋಟು ಹಾಕಿಕೊಂಡ ಮೂವತ್ತು ಮಕ್ಕಳು ಎದುರಿಗೆ ನಿಂತಿದ್ದಾರೆ. ಎಲ್ಲಿಂದ ಶುರು ಮಾಡುವುದು?

ನಾನು ಸೂಜಿಯಿಂದ ಶುರು ಮಾಡಿದ್ದೆ. ಮೊದಲ ದಿನವೇ ಸಿರಿಂಜ್ ಕೈಗೆ ಕೊಟ್ಟೆ. ಮಕ್ಕಳಿಗೆ ಖುಷಿಯಾಯಿತು, ನನಗೂ ಖುಷಿಯಾಯಿತು. ಅದರ ಬೆಲೆ ತೆತ್ತವರು ಬೇರೆ ಯಾರೋ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಅಲ್ಲಿಂದೀಚೆಗೆ ನನ್ನ ಕ್ಲಾಸಿನ ಕ್ರಮ ಬದಲಾಯಿತು. ಮೊದಲು ಬೆರಳು ಕಲಿಯಬೇಕು, ಸೂಜಿ ಆಮೇಲೆ. ಈ ಬರಹ ಪೂರ್ತಿ ಅದೇ ಕ್ರಮದಲ್ಲಿದೆ.

ಕ್ಲಾಸಿಗೆ ಮೊದಲು: ನಿಮ್ಮ ಕೈಯನ್ನು ನೀವೇ ನೋಡಿ

ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ. ಒಬ್ಬ ಸಹೋದ್ಯೋಗಿಯನ್ನು ಕೇಳಿಕೊಂಡು ಅವರ ರಕ್ತ ತೆಗೆಯಿರಿ. ವಿಡಿಯೋದಲ್ಲಿ ನಿಮ್ಮ ಎರಡು ಕೈ ಕಂಡರೆ ಸಾಕು. ರಾತ್ರಿ ಕೂತು ನಿಧಾನವಾಗಿ ನೋಡಿ.

ನಾನು ನೋಡಿದಾಗ ನಾಚಿಕೆಯಾಯಿತು. ಸ್ಪಿರಿಟ್ ಹಚ್ಚಿದ ಮೇಲೆ ಮತ್ತೆ ಬೆರಳಿಟ್ಟು ವೇನ್ (ರಕ್ತ ತೆಗೆಯುವ ರಕ್ತನಾಳ) ಮುಟ್ಟಿದ್ದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದ್ದೆ. ಕೊನೆಯಲ್ಲಿ "ಕೈ ಮಡಚ್ಕೊಳ್ಳಿ" ಅಂದಿದ್ದೆ. ಎರಡೂ ಕೈ ಬಳಸಿ ಸೂಜಿಗೆ ಕ್ಯಾಪ್ ಹಾಕಿದ್ದೆ. ಒಂದೊಂದೂ ಚಿಕ್ಕದು. ಆದರೆ ಮಕ್ಕಳು ನಮ್ಮ ಮಾತಿಗಿಂತ ಬೇಗ ನಮ್ಮ ಕೈಯನ್ನು ಕಲಿಯುತ್ತಾರೆ. ಗ್ಲೌಸಿನ ತೋರುಬೆರಳ ತುದಿ ಹರಿದುಕೊಂಡು ವೇನ್ ಹುಡುಕುವವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಅದನ್ನು ಯಾರೂ ಪಾಠ ಮಾಡಿರಲಿಲ್ಲ. ಸೀನಿಯರ್ ಮಾಡಿದ್ದನ್ನು ನೋಡಿದ್ದರು, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ ರಕ್ತ ತೆಗೆಯುವ ಸರಿಯಾದ ಕ್ರಮದ ಬಗ್ಗೆ 2010ರಲ್ಲಿ ಮಾರ್ಗಸೂಚಿ ಹೊರತಂದಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ನಿಮ್ಮ ವಿಡಿಯೋ ನೋಡಿ. ಎಲ್ಲಿ ತಪ್ಪಿದೆಯೋ ಬರೆದುಕೊಳ್ಳಿ. ಒಂದು ತಿಂಗಳು ನಿಮ್ಮ ಕೈಯನ್ನು ತಿದ್ದಿಕೊಳ್ಳಿ. ಹಳೆಯ ಅಭ್ಯಾಸ ಬಿಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ಮಕ್ಕಳ ಮೇಲೆ ರೇಗುವುದು ತಾನಾಗಿ ಕಡಿಮೆಯಾಗುತ್ತದೆ.

ಕಾಗದಪತ್ರದ ಕೆಲಸವೂ ಇರುತ್ತದೆ. ನಿಮ್ಮ ಕೋರ್ಸ್ ಯಾವ ಬೋರ್ಡಿನದೋ ಯಾವ ವಿಶ್ವವಿದ್ಯಾಲಯದ್ದೋ ನೋಡಿಕೊಂಡು, ಆ ಸಿಲಬಸ್ ಪ್ರಕಾರ ಲಾಗ್‌ಬುಕ್ ಮಾಡಿಸಿ. ಕ್ಲಿನಿಕಲ್ ಪೋಸ್ಟಿಂಗ್ ಇರುವ ಆಸ್ಪತ್ರೆಯ ಲಿಖಿತ ಅನುಮತಿ ಕೈಯಲ್ಲಿರಲಿ.

ಲಸಿಕೆ ಇಲ್ಲದೆ ಸೂಜಿ ಇಲ್ಲ

ಇದರಲ್ಲಿ ರಾಜಿ ಬೇಡ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿ 10 ಯೂನಿಟ್‌ಗಿಂತ (mIU/mL) ಜಾಸ್ತಿ ಬಂದಿದೆಯಾ ನೋಡಬೇಕು. ಅಂದರೆ ಅಡ್ಮಿಷನ್ ಆದ ವಾರದಲ್ಲೇ ಮೊದಲ ಡೋಸ್ ಬಿದ್ದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ಯಾಕೆ ಇಷ್ಟು ಹಟ? ಸೋಂಕಿರುವ ಪೇಶೆಂಟಿನ ಸೂಜಿ ಚುಚ್ಚಿದಾಗ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನೂರಕ್ಕೆ 6ರಿಂದ 30. ಮಕ್ಕಳು ಹೆದರುವುದು ಎಚ್‌ಐವಿಗೆ. ಅದಕ್ಕಿಂತ ಸುಲಭವಾಗಿ ಹರಡುವ, ಆದರೆ ಲಸಿಕೆಯಿಂದ ತಡೆಯಬಹುದಾದ ಕಾಯಿಲೆಯನ್ನು ಮರೆತೇಬಿಡುತ್ತಾರೆ. ಈ ಎರಡು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿ.

"ನರ" ಅಂದರೆ ಯಾವುದು?

ಇದು ನಮ್ಮ ಕನ್ನಡದ ಕ್ಲಾಸಿಗೇ ಇರುವ ತೊಡಕು. ಪೇಶೆಂಟ್ "ನಂಗೆ ನರ ಸಿಗಲ್ಲ ಕಣಮ್ಮ" ಅನ್ನುತ್ತಾರೆ. ಅವರು ಹೇಳುತ್ತಿರುವುದು ರಕ್ತನಾಳದ ಬಗ್ಗೆ. ಪುಸ್ತಕದಲ್ಲಿ ನರ ಅಂದರೆ ನರ್ವ್. ನಮ್ಮ ಮಕ್ಕಳೂ ಊರಿನಲ್ಲಿ ಹಾಗೇ ಮಾತಾಡಿ ಬೆಳೆದವರು. "ನರಕ್ಕೆ ಚುಚ್ಚಬೇಕು" ಎಂದು ಒಂದು ಕಡೆ, "ನರಕ್ಕೆ ತಾಗಬಾರದು" ಎಂದು ಇನ್ನೊಂದು ಕಡೆ ಕೇಳಿಸಿಕೊಂಡರೆ ಅವರ ಗತಿ ಏನು?

ನಾನು ಮೊದಲ ದಿನವೇ ಇದನ್ನು ಬಿಡಿಸಿ ಹೇಳುತ್ತೇನೆ. ಕ್ಲಾಸಿನಲ್ಲಿ ವೇನ್, ಆರ್ಟರಿ, ನರ್ವ್ ಈ ಮೂರೇ ಪದ. ಹೃದಯಕ್ಕೆ ರಕ್ತ ಹಿಂತಿರುಗಿಸುವ, ನಾವು ಚುಚ್ಚುವ ನಾಳ ವೇನ್. ಹೃದಯದಿಂದ ರಕ್ತ ತರುವ, ಬಡಿಯುವ ನಾಳ ಆರ್ಟರಿ. ಸ್ಪರ್ಶ, ನೋವು ತಿಳಿಸುವ ತಂತು ನರ್ವ್. "ನರ" ಅನ್ನುವ ಪದವನ್ನು ಕ್ಲಾಸಿನಲ್ಲಿ ಬಳಸುವಂತಿಲ್ಲ. ಆದರೆ ಪೇಶೆಂಟ್ ಹತ್ತಿರ ಮಾತಾಡುವಾಗ ಅವರ ಮಾತಿನಲ್ಲೇ ಮಾತಾಡಬೇಕು. "ನರ ಅಲ್ಲಜ್ಜಿ, ಅದು ಸಿರೆ" ಎಂದು ಪಾಠ ಹೇಳುವುದು ಬೇಡ. ಒಂದು ವಿಷಯಕ್ಕೆ ಮಾತ್ರ ಕಿವಿ ಚುರುಕಾಗಿರಲಿ. ಚುಚ್ಚಿದ ತಕ್ಷಣ "ಕರೆಂಟ್ ಹೊಡ್ದಂಗಾಯ್ತು" ಅಥವಾ "ಬೆರಳಿನ ತನಕ ಜುಂ ಅಂತು" ಅಂದರೆ ಅದು ನಿಜವಾದ ನರ್ವ್. ಆ ಕ್ಷಣವೇ ಟೂರ್ನಿಕೆ (ವೇನ್ ಉಬ್ಬಲು ತೋಳಿಗೆ ಕಟ್ಟುವ ಪಟ್ಟಿ) ಬಿಚ್ಚಿ ಸೂಜಿ ಹೊರಗೆ ತೆಗೆಯಬೇಕು. "ಸ್ವಲ್ಪ ತಡ್ಕೊಳ್ಳಿ" ಅನ್ನುವ ಮಾತೇ ಇಲ್ಲ.

ಬೆರಳಿನ ವಾರ

ಮೊದಲ ವಾರ ಪೂರ್ತಿ ನನ್ನ ಕ್ಲಾಸಿನಲ್ಲಿ ಸೂಜಿ ಕಾಣಿಸುವುದಿಲ್ಲ. ಟೂರ್ನಿಕೆ, ಕೈತೊಳೆಯುವ ಸೋಪು, ಒಂದು ನೋಟ್‌ಬುಕ್ಕು ಇಷ್ಟೇ. ಮಕ್ಕಳು ಗೊಣಗುತ್ತಾರೆ. ಗೊಣಗಲಿ.

ಮೊದಲು ವಾಲ್ವ್ ಟ್ಯೂಬಿನ ಆಟ. ಸೈಕಲ್ ಅಂಗಡಿಯಲ್ಲಿ ಸಿಗುವ ತೆಳು ವಾಲ್ವ್ ಟ್ಯೂಬನ್ನು ಒಂದು ಗೇಣು ತೆಗೆದುಕೊಳ್ಳಿ. ಒಳಗೆ ನೀರು ತುಂಬಿ ಎರಡು ತುದಿಗೂ ಗಂಟು ಹಾಕಿ. ಪಕ್ಕದಲ್ಲಿ ಅಷ್ಟೇ ದಪ್ಪದ ಒಂದು ನೂಲಿನ ಹಗ್ಗ ಇಡಿ. ಎರಡನ್ನೂ ಸ್ಪಂಜಿನ ಮೇಲಿಟ್ಟು ಮೇಲೆ ಒಂದು ಪದರ ದಪ್ಪ ಬಟ್ಟೆ ಹೊದಿಸಿ. ಈಗ ಕಣ್ಣು ಮುಚ್ಚಿಕೊಂಡು ಯಾವುದು ಟ್ಯೂಬ್, ಯಾವುದು ಹಗ್ಗ ಹೇಳಬೇಕು. ಒತ್ತಿದರೆ ಒಳಗೆ ಹೋಗಿ, ಬಿಟ್ಟರೆ ಬೆರಳನ್ನು ಮೇಲಕ್ಕೆ ತಳ್ಳುವುದು ಟ್ಯೂಬ್. ವೇನ್ ಇರುವುದು ಹಾಗೆಯೇ. ಗಟ್ಟಿಯಾಗಿ, ಒತ್ತಿದರೂ ಜಗ್ಗದೆ ಇರುವುದು ಸ್ನಾಯುವಿನ ದಾರ, ಟೆಂಡನ್. ದಿನವೂ ಒಂದೊಂದು ಪದರ ಬಟ್ಟೆ ಜಾಸ್ತಿ ಮಾಡಿ. ನಾಲ್ಕನೇ ದಿನಕ್ಕೆ ನಾಲ್ಕು ಪದರದ ಕೆಳಗಿನ ಟ್ಯೂಬನ್ನು ಹುಡುಕುವ ಮಕ್ಕಳಿರುತ್ತಾರೆ.

ಆಮೇಲೆ ನಿಜವಾದ ಕೈ. ಪ್ರತಿಯೊಬ್ಬರೂ ಕನಿಷ್ಠ ಇಪ್ಪತ್ತು ಜನರ ಎರಡೂ ಕೈ ಮುಟ್ಟಿ ನೋಡಬೇಕು. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜ, ಪಕ್ಕದ ಮನೆಯ ದಪ್ಪನೆಯ ಚಿಕ್ಕಮ್ಮ, ಹೊಲದಲ್ಲಿ ದುಡಿಯುವ ಮಾವ. ಯಾವ ವೇನ್ ಎಲ್ಲಿ ಸಿಕ್ಕಿತು, ಕಣ್ಣಿಗೆ ಕಂಡಿತಾ, ಬೆರಳಿಗಷ್ಟೇ ಸಿಕ್ಕಿತಾ ಎಂದು ನೋಟ್‌ಬುಕ್ಕಿನಲ್ಲಿ ಕೈಯ ಚಿತ್ರ ಬರೆದು ಗುರುತು ಹಾಕಬೇಕು. ಕಣ್ಣಿಗೆ ನೀಲಿಯಾಗಿ ಕಾಣುವ ವೇನ್ ಎಷ್ಟೋ ಸಲ ತೆಳುವಾಗಿರುತ್ತದೆ. ಕಾಣದೆ ಬೆರಳಿಗೆ ಸಿಗುವುದೇ ಎಷ್ಟೋ ಸಲ ಒಳ್ಳೆಯ ವೇನ್. ಇದನ್ನು ನೀವು ನೂರು ಸಲ ಹೇಳಿದರೂ ನಂಬುವುದಿಲ್ಲ. ಇಪ್ಪತ್ತು ಕೈ ಮುಟ್ಟಿದ ಮೇಲೆ ಅವರೇ ಬಂದು ಹೇಳುತ್ತಾರೆ.

ಮುಟ್ಟುವುದಕ್ಕೆ ತೋರುಬೆರಳು. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ಬಡಿತ ಇರುತ್ತದೆ. ಬಡಿಯುತ್ತಿದ್ದರೆ ಆರ್ಟರಿ, ಅದರಿಂದ ದೂರ. ಮೊಣಕೈ ಒಳಮಡಿಕೆಯ ನಡುವೆ ಇರುವ ಮೀಡಿಯನ್ ಕ್ಯೂಬಿಟಲ್ ವೇನ್ ಮೊದಲ ಆಯ್ಕೆ. ಹೆಬ್ಬೆರಳ ಕಡೆಯ ಸೆಫಾಲಿಕ್ ಎರಡನೆಯದು, ದಪ್ಪ ಕೈಯವರಲ್ಲಿ ಇದೇ ಕೈಹಿಡಿಯುತ್ತದೆ. ಮೈ ಕಡೆಗಿರುವ ಬೆಸಿಲಿಕ್ ಕೊನೆಗೆ. ಅದು ಚೆನ್ನಾಗಿ ಉಬ್ಬಿ ಕರೆಯುತ್ತದೆ, ಮಕ್ಕಳು ಅಲ್ಲಿಗೇ ಓಡುತ್ತಾರೆ. ಆದರೆ ಅದರ ಹತ್ತಿರದಲ್ಲೇ ಬ್ರೇಕಿಯಲ್ ಆರ್ಟರಿಯೂ ಮೀಡಿಯನ್ ನರ್ವೂ ಇವೆ. ಅದೂ ಅಲ್ಲದೆ ಚುಚ್ಚುವಾಗ ಜಾರುತ್ತದೆ.

ಟೂರ್ನಿಕೆ ಕಟ್ಟುವುದಕ್ಕೇ ಒಂದು ದಿನ ಕೊಡಿ. ಚುಚ್ಚುವ ಜಾಗದಿಂದ ನಾಲ್ಕೈದು ಬೆರಳು ಮೇಲೆ. ಒಂದೇ ಕೈಯಲ್ಲಿ ಎಳೆದರೆ ಬಿಚ್ಚಿಕೊಳ್ಳಬೇಕು. ಕಟ್ಟಿ ಒಂದು ನಿಮಿಷದ ಒಳಗೆ ಬಿಚ್ಚಬೇಕು. ಜಾಸ್ತಿ ಹೊತ್ತು ಬಿಟ್ಟರೆ ರಕ್ತ ಅಲ್ಲೇ ನಿಂತು ರಿಪೋರ್ಟೇ ಬದಲಾಗುತ್ತದೆ. ಪೇಶೆಂಟ್ ಮುಷ್ಟಿಯನ್ನು ಪದೇ ಪದೇ ಬಿಗಿ ಹಿಡಿದು ಬಿಟ್ಟರೆ ಪೊಟ್ಯಾಸಿಯಂ ಏರುತ್ತದೆ. ಮೆಲ್ಲಗೆ ಒಮ್ಮೆ ಮುಷ್ಟಿ ಹಿಡಿದರೆ ಸಾಕು. ವೇನ್ ಹುಡುಕಲು ತಡವಾದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು, ಮತ್ತೆ ಕಟ್ಟಬೇಕು. ಮೊಬೈಲಿನಲ್ಲಿ ಟೈಮರ್ ಇಟ್ಟು ಅಭ್ಯಾಸ ಮಾಡಿಸಿ.

ಡಮ್ಮಿ ಕೈ, ನಾಲ್ಕು ಹಂತ

ಕಾಲೇಜು ಡಮ್ಮಿ ಕೈ ಕೊಡಿಸಿದರೆ ಒಳ್ಳೆಯದು. ಮೂವತ್ತು ಮಕ್ಕಳಿಗೆ ಒಂದೇ ಡಮ್ಮಿ ಇದ್ದರೆ ನೀವೇ ಇನ್ನೂ ನಾಲ್ಕು ಮಾಡಿಕೊಳ್ಳಿ. ಒಂದು ಉದ್ದನೆಯ ಸ್ಪಂಜಿನಲ್ಲಿ ಸೀಳು ಮಾಡಿ, ಅದರೊಳಗೆ ಡ್ರಿಪ್ ಸೆಟ್ಟಿನ ಟ್ಯೂಬ್ ಹಾಯಿಸಿ. ಒಂದು ತುದಿಗೆ ಕೆಂಪು ಬಣ್ಣದ ನೀರಿರುವ ಸಲೈನ್ ಬಾಟಲಿ ತೂಗುಹಾಕಿ, ಇನ್ನೊಂದು ತುದಿಗೆ ಕ್ಲಾಂಪ್ ಹಾಕಿ. ಮೇಲೆ ಹಳೆಯ ರಬ್ಬರ್ ಶೀಟ್ ಸುತ್ತಿ. ಡ್ರಿಪ್ ಟ್ಯೂಬ್ ನಿಜವಾದ ವೇನಿಗಿಂತ ಗಟ್ಟಿ ಎಂದು ಮಕ್ಕಳಿಗೆ ಹೇಳಿಬಿಡಿ. ಕೋನ ಮತ್ತು ಕೈಯ ಹಿಡಿತ ಕಲಿಯಲು ಇದು ಸಾಕು. ಎಷ್ಟು ಒತ್ತಬೇಕು ಎಂಬುದನ್ನು ಇದು ಕಲಿಸುವುದಿಲ್ಲ.

ಕಲಿಸುವ ಕ್ರಮಕ್ಕೆ ಪೇಟನ್ ಎಂಬ ಸರ್ಜನ್ 1998ರಲ್ಲಿ ಹೇಳಿದ ನಾಲ್ಕು ಹಂತಗಳನ್ನು ನಾನು ಬಳಸುತ್ತೇನೆ. ಮೊದಲು ನಾನು ಒಂದು ಮಾತೂ ಆಡದೆ, ಮಾಮೂಲಿ ವೇಗದಲ್ಲಿ ಮಾಡಿ ತೋರಿಸುತ್ತೇನೆ. ಎರಡನೇ ಸಲ ನಿಧಾನವಾಗಿ, ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಾ ಮಾಡುತ್ತೇನೆ. ಮೂರನೇ ಸಲ ಕೈ ನನ್ನದು, ಬಾಯಿ ವಿದ್ಯಾರ್ಥಿಯದು. ಅವರು ಹೇಳಿದಂತೆ ಮಾತ್ರ ನಾನು ಮಾಡುತ್ತೇನೆ. ನಾಲ್ಕನೇ ಸಲ ಅವರೇ ಹೇಳುತ್ತಾ ಅವರೇ ಮಾಡುತ್ತಾರೆ.

ಮೂರನೆಯ ಹಂತವನ್ನು ದಯವಿಟ್ಟು ಬಿಡಬೇಡಿ. ಟೈಮ್ ಇಲ್ಲ ಎಂದು ಎಲ್ಲರೂ ಬಿಡುವುದು ಇದನ್ನೇ. ಒಮ್ಮೆ ಒಬ್ಬ ಹುಡುಗ ಚೆನ್ನಾಗಿ ಹೇಳುತ್ತಾ ಹೋದ. ಗ್ಲೌಸ್, ಟೂರ್ನಿಕೆ, ಸ್ಪಿರಿಟ್, ಸೂಜಿ, ಟ್ಯೂಬ್ ಎಲ್ಲ ಬಂತು. ಕೊನೆಗೆ "ಈಗ ಸೂಜಿ ತೆಗೀರಿ ಮೇಡಂ" ಅಂದ. ನಾನು ಕೈ ಆಡಿಸದೆ ಅವನ ಮುಖ ನೋಡಿದೆ. ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಸರಿ ಎಂದು ತೆಗೆದೆ. ಟೂರ್ನಿಕೆ ಕಟ್ಟಿದಂತೆಯೇ ಇತ್ತು. ತೂತಿನಿಂದ ಕೆಂಪು ನೀರು ಮೇಜಿನ ಮೇಲೆಲ್ಲ ಹರಿಯಿತು. ಆ ಬ್ಯಾಚಿನ ಮೂವತ್ತು ಮಕ್ಕಳಲ್ಲಿ ಯಾರೂ ಆಮೇಲೆ ಟೂರ್ನಿಕೆ ಮರೆಯಲಿಲ್ಲ.

ಡಮ್ಮಿಯ ಮೇಲೆ ನೀವು ಕಣ್ಣಿಡಬೇಕಾದ ಜಾಗಗಳು ಇವು. ಸೂಜಿಯ ಬಾಯಿ ಮೇಲಕ್ಕಿದೆಯಾ? ಕೋನ 30 ಡಿಗ್ರಿಗಿಂತ ಕಡಿಮೆ ಇದೆಯಾ? ಎಡಗೈ ಹೆಬ್ಬೆರಳು ಚುಚ್ಚುವ ಜಾಗಕ್ಕಿಂತ ಒಂದೆರಡು ಇಂಚು ಕೆಳಗೆ ಚರ್ಮವನ್ನು ಎಳೆದು ಹಿಡಿದಿದೆಯಾ? ಕೆಲವರು ಹೆಬ್ಬೆರಳು ಕೆಳಗೆ, ತೋರುಬೆರಳು ಮೇಲೆ ಇಟ್ಟು ಹಿಗ್ಗಿಸುತ್ತಾರೆ. ಪೇಶೆಂಟ್ ಕೈ ಎಳೆದುಕೊಂಡರೆ ಸೂಜಿ ಆ ತೋರುಬೆರಳಿಗೇ ಹೋಗುತ್ತದೆ. ಇನ್ನು ಟ್ಯೂಬ್ ಬದಲಿಸುವಾಗ ಹೋಲ್ಡರ್ (ಸೂಜಿಯನ್ನೂ ಟ್ಯೂಬನ್ನೂ ಜೋಡಿಸುವ ಹಿಡಿಕೆ) ಹಿಡಿದ ಕೈ ಅಲುಗುವುದು. ಕಲಿಯುವವರ ಸೂಜಿ ವೇನಿನಿಂದ ಹೊರಬರುವುದು ಹೆಚ್ಚಾಗಿ ಇಲ್ಲೇ. ಹೋಲ್ಡರ್ ಹಿಡಿದ ಕೈಯ ಬೆರಳ ಗೆಣ್ಣುಗಳು ಪೇಶೆಂಟಿನ ಕೈ ಮೇಲೆ ಊರಿರಬೇಕು. ಗಾಳಿಯಲ್ಲಿ ತೇಲುತ್ತಿದ್ದರೆ ಅಲುಗದೆ ಇರುತ್ತದಾ?

ಸೂಜಿಯ ನಂಬರನ್ನೂ ಇಲ್ಲೇ ಗಟ್ಟಿ ಮಾಡಿಸಿ. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. 21 ಹಸಿರು, 22 ಕಪ್ಪು, 23 ನೀಲಿ. ದೊಡ್ಡವರಿಗೆ 21 ಅಥವಾ 22. ಡಮ್ಮಿಯ ಮೇಲೆ ಒಂದೂ ಹಂತ ತಪ್ಪದೆ 25 ಸಲ ಮಾಡಿದವರಿಗೆ ಮಾತ್ರ ನಾನು ಮುಂದಿನ ಬಾಗಿಲು ತೆಗೆಯುತ್ತೇನೆ. ಈ 25 ನನ್ನದೇ ಲೆಕ್ಕ, ನಿಮ್ಮ ಮಕ್ಕಳನ್ನು ನೋಡಿ ನೀವು ಬೇರೆ ಇಟ್ಟುಕೊಳ್ಳಿ.

ಟ್ಯೂಬಿನ ಸಾಲು

ರಕ್ತ ಬಂದರೆ ಕೆಲಸ ಮುಗಿಯಿತು ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಟ್ಯೂಬಿನ ಸಾಲು ತಪ್ಪಿದರೆ ತೆಗೆದ ರಕ್ತವೇ ಸುಳ್ಳು ಹೇಳುತ್ತದೆ. ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯಾ ಎಂದು ಬೆಳೆಸಿ ನೋಡುವ ಪರೀಕ್ಷೆ) ಇದ್ದರೆ ಅದು ಮೊದಲು. ಆಮೇಲೆ ಮುಚ್ಚಳದ ಬಣ್ಣದ ಪ್ರಕಾರ ತಿಳಿನೀಲಿ ಸಿಟ್ರೇಟ್, ಕೆಂಪು ಅಥವಾ ಹಳದಿ ಸೀರಂ ಟ್ಯೂಬ್, ಹಸಿರು ಹೆಪಾರಿನ್, ನೇರಳೆ ಇಡಿಟಿಎ, ಕೊನೆಗೆ ಬೂದು ಫ್ಲೋರೈಡ್.

ನೆನಪಿಗೆ ನಾನು ಹೀಗೆ ಹೇಳಿಕೊಡುತ್ತೇನೆ: ನೀಲಿ ಆಕಾಶ, ಕೆಂಪು ಸೂರ್ಯ, ಹಸಿರು ಗದ್ದೆ, ಮರದ ಕೆಳಗೆ ಬಿದ್ದ ನೇರಳೆ ಹಣ್ಣು, ಒಲೆಯೊಳಗಿನ ಬೂದಿ. ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬಂದರೆ ಸಾಲು ತಪ್ಪುವುದಿಲ್ಲ.

ಯಾಕೆ ಎಂಬುದನ್ನೂ ಹೇಳಿ. ನೇರಳೆ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಂ ಇಡಿಟಿಎ. ಅದರ ಒಂದು ಹನಿ ಸೀರಂ ಟ್ಯೂಬಿಗೆ ಸೇರಿದರೂ ಪೊಟ್ಯಾಸಿಯಂ ಏರಿ, ಕ್ಯಾಲ್ಸಿಯಂ ಇಳಿಯುತ್ತದೆ. ಆ ರಿಪೋರ್ಟ್ ನೋಡಿದ ಡಾಕ್ಟರ್ ಹೃದಯ ನಿಂತೀತು ಎಂದು ಗಾಬರಿಯಾಗಿ ಇಲ್ಲದ ಕಾಯಿಲೆಗೆ ಔಷಧಿ ಕೊಡಬಹುದು. ನೇರಳೆ ಟ್ಯೂಬಿನಿಂದ ಕೆಂಪಿಗೆ ಸ್ವಲ್ಪ ಸುರಿದು "ಸರಿ ಮಾಡುವ" ಅಭ್ಯಾಸ ಎಲ್ಲಾದರೂ ಕಂಡರೆ ಅಲ್ಲೇ ನಿಲ್ಲಿಸಿ.

ಸಿಟ್ರೇಟ್ ಟ್ಯೂಬ್ ಗೀಟಿನ ತನಕ ತುಂಬಲೇಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಸಣ್ಣ ಪೈಪ್ ಇರುವ ಬಟರ್‌ಫ್ಲೈ ಸೂಜಿಯಲ್ಲಿ ಮೊದಲ ಟ್ಯೂಬ್ ಇದೇ ಆದರೆ ಪೈಪಿನೊಳಗಿನ ಗಾಳಿ ಬಂದು ರಕ್ತ ಕಡಿಮೆಯಾಗುತ್ತದೆ. ಅದಕ್ಕೆ ಒಂದು ಖಾಲಿ ಟ್ಯೂಬಿಗೆ ಸ್ವಲ್ಪ ಎಳೆದು ಬಿಸಾಡಿ. ತುಂಬಿದ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಬೇಕು. ಸಿಟ್ರೇಟ್ ಮೂರು ನಾಲ್ಕು ಸಲ, ಇಡಿಟಿಎ ಎಂಟು ಹತ್ತು ಸಲ. ಕೆಮ್ಮಿನ ಔಷಧಿ ಬಾಟಲಿ ಕುಲುಕಿದಂತೆ ಕುಲುಕಿದರೆ ರಕ್ತಕಣ ಒಡೆಯುತ್ತದೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣ ಲ್ಯಾಬುಗಳಲ್ಲಿ ಇಂದಿಗೂ ಸಿರಿಂಜಿನಲ್ಲೇ ತೆಗೆಯುತ್ತಾರೆ. ನಮ್ಮ ಮಕ್ಕಳು ಹೆಚ್ಚಿನವರು ಕೆಲಸಕ್ಕೆ ಹೋಗುವುದು ಅಲ್ಲಿಗೇ. ಹಾಗಾಗಿ ಸಿರಿಂಜಿನಿಂದ ಟ್ಯೂಬಿಗೆ ಹಾಕುವುದನ್ನು ಬೇರೆಯಾಗಿ ಕಲಿಸಿ. ಟ್ಯೂಬ್ ಕೈಯಲ್ಲಿ ಹಿಡಿಯಬಾರದು, ರ‍್ಯಾಕಿನಲ್ಲಿರಬೇಕು. ಒಂದೇ ಕೈಯಲ್ಲಿ ಸೂಜಿಯನ್ನು ನೇರವಾಗಿ ಮುಚ್ಚಳಕ್ಕೆ ಇಳಿಸಬೇಕು. ಪ್ಲಂಜರ್ ಒತ್ತಬಾರದು, ಟ್ಯೂಬಿನೊಳಗಿನ ವ್ಯಾಕ್ಯೂಮೇ ರಕ್ತವನ್ನು ಎಳೆದುಕೊಳ್ಳುತ್ತದೆ.

ಒಬ್ಬರ ಮೇಲೊಬ್ಬರು

ಎಷ್ಟೋ ಕಾಲೇಜುಗಳಲ್ಲಿ ಮೊದಲ ನಿಜವಾದ ಕೈ ಸಹಪಾಠಿಯದೇ. ಇದಕ್ಕೆ ನನ್ನ ಷರತ್ತುಗಳಿವೆ. ಯಾರನ್ನೂ ಒತ್ತಾಯ ಮಾಡುವಂತಿಲ್ಲ. ಎಲ್ಲರ ಮುಂದೆ "ಯಾರು ಕೊಡಲ್ಲ?" ಎಂದು ಕೇಳುವುದೂ ಒತ್ತಾಯವೇ. ಹಿಂದಿನ ದಿನ ಒಬ್ಬೊಬ್ಬರನ್ನೇ ಕರೆದು ಕೇಳಿ, ಚೀಟಿಯಲ್ಲಿ ಸಹಿ ತೆಗೆದುಕೊಳ್ಳಿ. ಕೊಡದೇ ಇದ್ದರೆ ಇಂಟರ್ನಲ್ ಮಾರ್ಕ್ಸಿಗೆ ಏನೂ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಒಬ್ಬರಿಗೆ ಒಂದು ದಿನಕ್ಕೆ ಒಂದೇ ಸಲ ಚುಚ್ಚಬೇಕು. ತೆಗೆದ ರಕ್ತವನ್ನು ಟೆಸ್ಟಿಗೆ ಕೊಟ್ಟು ರಿಪೋರ್ಟನ್ನು ಊರಿಗೆಲ್ಲ ತೋರಿಸುವುದು ಬೇಡ.

ಹಾಸ್ಟೆಲ್ ಮಕ್ಕಳು ಬೆಳಗ್ಗೆ ತಿಂಡಿ ತಿನ್ನದೆ ಬಂದಿರುತ್ತಾರೆ. ಕೇಳಿ, ತಿನ್ನಿಸಿ, ಆಮೇಲೆ ಕೂರಿಸಿ. ಹಿಂದೆ ತಲೆಸುತ್ತು ಬಂದಿದ್ದರೆ ಮಲಗಿಸಿಯೇ ತೆಗೆಯಬೇಕು. ತಲೆಸುತ್ತು ಬರುವುದು ಕೊಡುವವರಿಗೆ ಮಾತ್ರ ಅಲ್ಲ, ಸುತ್ತ ನಿಂತು ನೋಡುವವರಿಗೂ ಬರುತ್ತದೆ. ಮುಖ ಬಿಳುಚಿ, ತುಟಿಯ ಮೇಲೆ ಬೆವರು ಕಂಡರೆ ತಕ್ಷಣ ಮಲಗಿಸಿ, ಕಾಲು ಎತ್ತರಕ್ಕಿಡಿ.

ಪೇಶೆಂಟ್ ಹತ್ತಿರ

ಈಗ ಆ ಕಥೆ. ನಾನು ಕಲಿಸಲು ಶುರು ಮಾಡಿ ಮೂರು ತಿಂಗಳಾಗಿತ್ತು. ವಾರ್ಡಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಮೂರು ದಿನದ ಜ್ವರ, ನೀರೂ ಸರಿಯಾಗಿ ಕುಡಿದಿರಲಿಲ್ಲ. ನನ್ನ ವಿದ್ಯಾರ್ಥಿನಿ ಚುಚ್ಚಿದಳು, ಬರಲಿಲ್ಲ. ನಾನು ಹಿಂದೆ ನಿಂತು "ಇನ್ನೊಂದ್ಸಲ ನೋಡು, ಬರುತ್ತೆ" ಅಂದೆ. ಎರಡಾಯಿತು, ಮೂರಾಯಿತು. ಅಜ್ಜಿ ಕೂಗಲಿಲ್ಲ. ನಾಲ್ಕನೆಯದಕ್ಕೆ ಗೋಡೆ ಕಡೆ ಮುಖ ತಿರುಗಿಸಿ ಸೆರಗಿನ ತುದಿ ಕಚ್ಚಿಕೊಂಡರು. ಆಮೇಲೆ ನಾನು ಇನ್ನೊಂದು ಕೈ ಮುಟ್ಟಿ ನೋಡಿ, ಅರ್ಧ ನಿಮಿಷದಲ್ಲಿ ತೆಗೆದೆ. ಮಾರನೆಯ ದಿನ ಅಜ್ಜಿಯ ಕೈ ಮೊಣಕೈಯಿಂದ ಅರ್ಧದವರೆಗೆ ನೀಲಿಗಟ್ಟಿತ್ತು. ಆ ಹುಡುಗಿ ಒಂದು ವಾರ ಕ್ಲಾಸಿಗೆ ಬರಲಿಲ್ಲ. ಅವಳಿಗೆ ಬೆರಳಿನ ಪಾಠವನ್ನೇ ಹೇಳಿಕೊಡದೆ ಅಲ್ಲಿಗೆ ಕರೆದುಕೊಂಡು ಹೋಗಿದ್ದವಳು ನಾನು. ಆ ತಪ್ಪು ನನ್ನದು.

ಹಾಗಾಗಿ ಈಗ ವಿದ್ಯಾರ್ಥಿಗೆ ಒಂದೇ ಸಲ. ಸಿಗದಿದ್ದರೆ ನಾನು. ನನಗೂ ಸಿಗದಿದ್ದರೆ ಬೇರೆಯವರು. ಕೆಲಸಕ್ಕೆ ಸೇರಿದ ಮೇಲೂ ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಚುಚ್ಚಬಾರದು ಎಂದು ಮೊದಲ ದಿನದಿಂದಲೇ ತಲೆಗೆ ಹಾಕುತ್ತೇನೆ. ಮೊದಮೊದಲಿಗೆ ಪೇಶೆಂಟನ್ನೂ ನಾನೇ ಆರಿಸುತ್ತೇನೆ. ನಡುವಯಸ್ಸಿನವರು, ಕೈ ಚೆನ್ನಾಗಿರುವವರು, ಗಾಬರಿ ಇಲ್ಲದವರು. ಚಿಕ್ಕ ಮಕ್ಕಳು, ತೀರಾ ವಯಸ್ಸಾದವರು, ಕೀಮೋ ತೆಗೆದುಕೊಳ್ಳುತ್ತಿರುವವರು ಬೇಡ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ವೇನ್, ಆರ್ಟರಿ ಜೋಡಿಸಿದ ಜಾಗ) ಇರುವ ಕೈ, ಸ್ತನದ ಆಪರೇಷನ್ ಆದ ಕಡೆಯ ಕೈ, ಡ್ರಿಪ್ ಹೋಗುತ್ತಿರುವ ಕೈ, ಇವನ್ನು ಮುಟ್ಟಲೇಬಾರದು.

ಒಪ್ಪಿಗೆಯನ್ನು ಬೋಧಕರೇ ಕೇಳಬೇಕು. "ಅಮ್ಮ, ಇವಳು ಕಲೀತಿದ್ದಾಳೆ. ನಾನು ಪಕ್ಕದಲ್ಲೇ ಇರ್ತೀನಿ. ಒಂದು ಸಲ ಮಾತ್ರ ನೋಡ್ತಾಳೆ. ನಿಮಗೆ ಬೇಡ ಅನ್ಸಿದ್ರೆ ನಾನೇ ತೆಗೀತೀನಿ, ಸಂಕೋಚ ಬೇಡ." ಕೊನೆಯ ವಾಕ್ಯ ಬಿಟ್ಟರೆ ಅದು ಒಪ್ಪಿಗೆ ಆಗುವುದಿಲ್ಲ. ನಮ್ಮ ಜನ ಬಿಳಿ ಕೋಟಿನ ಮುಂದೆ ಬೇಡ ಅನ್ನುವುದಿಲ್ಲ.

ಹೆಸರು ಕೇಳುವುದನ್ನು ಸರಿಯಾಗಿ ಕಲಿಸಿ. "ಲಕ್ಷ್ಮಮ್ಮ ಅಲ್ವಾ ನೀವು?" ಎಂದರೆ ಕಿವಿ ಮಂದವಾದವರು ಯಾವುದಕ್ಕೂ "ಹೂಂ" ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿ, ವಯಸ್ಸು ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ದಿನದ ಮಾತು. ಅದಕ್ಕೆ ಆಸ್ಪತ್ರೆ ನಂಬರನ್ನೂ ಹೋಲಿಸಿ ನೋಡಬೇಕು. ಟ್ಯೂಬಿಗೆ ಲೇಬಲ್ ಹಚ್ಚುವುದು ರಕ್ತ ತೆಗೆದ ಮೇಲೆ, ಪೇಶೆಂಟ್ ಮುಂದೆಯೇ. ಮೊದಲೇ ಹಚ್ಚಿಟ್ಟುಕೊಂಡ ಟ್ಯೂಬ್ ಅದಲುಬದಲಾಗಲು ಎಷ್ಟು ಹೊತ್ತು?

"ನಂಗೆ ಮೊದ್ಲೇ ರಕ್ತ ಇಲ್ಲ, ಇಷ್ಟೊಂದು ತೆಗೆದ್ರೆ ಏನ್ ಗತಿ?" ಈ ಪ್ರಶ್ನೆ ಬಂದೇ ಬರುತ್ತದೆ. ಸುಮ್ನೆ "ಏನಾಗಲ್ಲ" ಅನ್ನಬೇಡಿ. "ಇದು ಎರಡು ಟೀ ಚಮಚದಷ್ಟು. ಮೈಯಲ್ಲಿ ನಾಲ್ಕೈದು ಲೀಟರ್ ಇರುತ್ತೆ" ಎಂದು ಟ್ಯೂಬ್ ತೋರಿಸಿ ಹೇಳಲಿ. ಬಳೆ ತೆಗೆಯಿರಿ ಎಂದು ಹೆಂಗಸರಿಗೆ ಹೇಳಬೇಕಾಗಿಲ್ಲ, ಟೂರ್ನಿಕೆ ಕಟ್ಟುವುದು ತೋಳಿಗೆ. ತೋಳು ಮೇಲೇರಿಸಲು ಸಂಕೋಚಪಡುವವರಿಗೆ ಪರದೆ ಎಳೆಯಿರಿ.

ನೀವು ಎಲ್ಲಿ ನಿಲ್ಲುತ್ತೀರಿ ಎಂಬುದೂ ಮುಖ್ಯ. ಹಿಂದೆ ನಿಂತರೆ ವಿದ್ಯಾರ್ಥಿಯ ಬೆನ್ನು ಮಾತ್ರ ಕಾಣುತ್ತದೆ. ಎದುರಿಗೆ, ಸ್ವಲ್ಪ ಪಕ್ಕಕ್ಕೆ, ನಿಮ್ಮ ಕೈ ಸೂಜಿಗೆ ಎಟುಕುವ ಹಾಗೆ ನಿಲ್ಲಿ. ಪೇಶೆಂಟ್ ಮುಂದೆ "ತಪ್ಪು, ತಪ್ಪು!" ಎಂದು ಕೂಗಬೇಡಿ. ಮೊದಲೇ ಒಂದು ಮಾತು ಗೊತ್ತುಮಾಡಿಕೊಳ್ಳಿ. ನಮ್ಮದು "ಸ್ವಲ್ಪ ನಾನು ಹಿಡ್ಕೊಳ್ಲಾ?" ನಾನು ಹೀಗೆ ಅಂದರೆ ವಿದ್ಯಾರ್ಥಿ ಅಲುಗಾಡದೆ ನನ್ನ ಕೈಗೆ ಬಿಡಬೇಕು. ಸೂಜಿಯನ್ನು ಒಳಗೇ ಅತ್ತಿತ್ತ ಆಡಿಸಿ ವೇನ್ ಹುಡುಕಲು ಹೊರಟ ಕ್ಷಣವೇ ನಾನು ಇದನ್ನು ಹೇಳುತ್ತೇನೆ. ರಕ್ತ ಕೆಂಪಗೆ ಚಿಮ್ಮಿ ಚಿಮ್ಮಿ ಬಂದರೆ ಆರ್ಟರಿ. ಸೂಜಿ ತೆಗೆದು ಕನಿಷ್ಠ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಡಾಕ್ಟರಿಗೆ ತಿಳಿಸಬೇಕು.

ಶೇಕಡ 70ರ ಆಲ್ಕೋಹಾಲ್ 30 ಸೆಕೆಂಡು ಹಚ್ಚಿ, 30 ಸೆಕೆಂಡು ಆರಲು ಬಿಡಬೇಕು. ಬಾಯಿಂದ ಊದುವಂತಿಲ್ಲ. ಆ ಅರ್ಧ ನಿಮಿಷ ಹೊಸಬರಿಗೆ ಯುಗದಂತೆ ಅನ್ನಿಸುತ್ತದೆ. ಆಗ ಪೇಶೆಂಟ್ ಊರು ಯಾವುದು ಎಂದು ಕೇಳಲು ಹೇಳಿ. ಇಬ್ಬರ ಗಾಬರಿಯೂ ಇಳಿಯುತ್ತದೆ.

ಸೂಜಿ ಹೊರಬಂದ ಮೇಲೆ

ಟೂರ್ನಿಕೆ ಮೊದಲು, ಸೂಜಿ ಆಮೇಲೆ. ಹತ್ತಿ ಇಟ್ಟು ಕೈ ನೇರವಾಗಿಟ್ಟುಕೊಂಡು ಎರಡು ಮೂರು ನಿಮಿಷ ಒತ್ತಿಹಿಡಿಯಬೇಕು. ಮೊಣಕೈ ಮಡಚಿದರೆ ಒಳಗೇ ರಕ್ತ ಸೋರಿ ನೀಲಿಗಟ್ಟುತ್ತದೆ.

ಸೂಜಿಗೆ ಮತ್ತೆ ಕ್ಯಾಪ್ ಹಾಕುವಂತಿಲ್ಲ. ಬಳಸಿದ ಸೂಜಿ ಹಾಕುವ ಡಬ್ಬ ಕೈಗೆಟಕುವ ಹಾಗೆ ಮೊದಲೇ ಇಟ್ಟುಕೊಂಡರೆ ಆ ಆಸೆಯೇ ಹುಟ್ಟುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬ, ಸೂಜಿ ಕತ್ತರಿಸಿದ ಸಿರಿಂಜ್ ಮತ್ತು ಗ್ಲೌಸಿಗೆ ಕೆಂಪು ಚೀಲ, ರಕ್ತದ ಹತ್ತಿಗೆ ಹಳದಿ ಚೀಲ.

ಒಂದು ವೇಳೆ ಚುಚ್ಚಿಕೊಂಡರೆ? ಸೋಪು ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು, ಬೆರಳನ್ನು ಬಾಯಿಗೆ ಇಡಬಾರದು. ತಕ್ಷಣ ಬೋಧಕರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು. 28 ದಿನ ತೆಗೆದುಕೊಳ್ಳಬೇಕು. ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಲ್ಯಾಬಿನ ಗೋಡೆಗೆ ಅಂಟಿಸಿ. ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಅದಕ್ಕೇ ವರ್ಷದ ಆರಂಭದಲ್ಲೇ ನಾನು ಎಲ್ಲರ ಮುಂದೆ ಮಾತು ಕೊಡುತ್ತೇನೆ. ಚುಚ್ಚಿಕೊಂಡು ಬಂದು ಹೇಳಿದವರನ್ನು ಬೈಯುವುದಿಲ್ಲ, ಅವರ ಜೊತೆ ನಾನೇ ಆಸ್ಪತ್ರೆಗೆ ಬರುತ್ತೇನೆ.

ಸಹಿ ಹಾಕುವ ದಿನ

ಲಾಗ್‌ಬುಕ್ಕಿನಲ್ಲಿ ಎಣಿಕೆ ತುಂಬಿದ್ದಕ್ಕೇ ಸಹಿ ಹಾಕಬೇಡಿ. ಕೊನೆಯ ಹತ್ತು ಪೇಶೆಂಟ್‌ಗಳಲ್ಲಿ ನೀವು ಒಂದು ಮಾತೂ ಆಡದೆ ಇರಲು ಆಯಿತಾ? ವೇನ್ ಸಿಗದೆ ಇದ್ದಾಗ "ಮೇಡಂ, ನಂಗೆ ಸಿಗ್ತಿಲ್ಲ" ಎಂದು ಚುಚ್ಚುವ ಮೊದಲೇ ಹೇಳಿದ್ದಾರಾ? ಈ ಎರಡನೆಯದು ನನಗೆ ಮೊದಲನೆಯದಕ್ಕಿಂತ ಮುಖ್ಯ.

ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರಿಗೆ ಆ ದಿನ ಸಹಿ ಸಿಗುವುದಿಲ್ಲ. ಅವರನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೂರಿಸಿ ಹೇಳಬೇಡಿ. ಲ್ಯಾಬ್ ಖಾಲಿಯಾದ ಮೇಲೆ ಕರೆಯಿರಿ. ಏನು ಚೆನ್ನಾಗಿ ಬಂದಿದೆ, ಯಾವುದು ಬಂದಿಲ್ಲ ಎಂದು ಒಂದೇ ಒಂದು ಅಂಶ ಹಿಡಿದು ಹೇಳಿ. ಹೆಚ್ಚಿನ ಸಲ ಅದು ಸೂಜಿಯ ತಪ್ಪಲ್ಲ, ವೇನ್ ಖಾತ್ರಿಯಾಗುವ ಮೊದಲೇ ಬೆರಳು ಎತ್ತಿರುತ್ತಾರೆ. ವಾಲ್ವ್ ಟ್ಯೂಬನ್ನೂ ಬಟ್ಟೆಯನ್ನೂ ಮತ್ತೆ ಕೈಗೆ ಕೊಡಿ, ಮನೆಗೆ ತೆಗೆದುಕೊಂಡು ಹೋಗಲಿ. ಅವರು ರೂಮು ಬಿಡುವ ಮೊದಲು ಕ್ಯಾಲೆಂಡರ್ ನೋಡಿ ಮುಂದಿನ ತಾರೀಖು ಹೇಳಿ, ಲಾಗ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು ಕೊಡಿ.